ಕೋಶಚಕ್ರದ ಯಾವ ಹಂತದಲ್ಲಿ ಪ್ರತಿಕಾಯ ಹೆಚ್ಚು? ಹಾಸನದಲ್ಲಿ ಹೈಬ್ರಿಡೋಮಾ ಬೆಳೆಸಿ ಅಳೆದ ನನ್ನ ಅನುಭವ

ಪ್ರತಿಕಾಯ ತಯಾರಿಸುವ ಬಿ ಕೋಶವನ್ನು ಮೈಲೋಮಾ ಎಂಬ ಕ್ಯಾನ್ಸರ್ ಕೋಶದ ಜೊತೆ ಬೆಸೆದದ್ದೇ ಹೈಬ್ರಿಡೋಮಾ. ನಾನು ಬಳಸುವ ಇಲಿಯ ಹೈಬ್ರಿಡೋಮಾ ಎರಡಾಗಲು ಸುಮಾರು 18 ಗಂಟೆ ಬೇಕು: ಕೋಶ ಬೆಳೆಯುವ ಜಿ1 ಆರು ಗಂಟೆ, ಡಿಎನ್ಎ ನಕಲಾಗುವ ಎಸ್ ಎಂಟು, ವಿಭಜನೆಗೆ ಸಿದ್ಧವಾಗುವ ಜಿ2 ಮತ್ತು ವಿಭಜನೆ ಸೇರಿ ನಾಲ್ಕು. ಈ ಅವಧಿಯುದ್ದಕ್ಕೂ ಪ್ರತಿಕಾಯ ಒಂದೇ ಸಮನೆ ಬರುತ್ತದೆಯೇ, ಇಲ್ಲ ಯಾವುದೋ ಹಂತದಲ್ಲಿ ಉಕ್ಕುತ್ತದೆಯೇ? ಮಾನವ ಲಿಂಫಾಯ್ಡ್ ಕೋಶಗಳಲ್ಲಿ ಜಿ1ರ ಕೊನೆ ಮತ್ತು ಎಸ್‌ನ ಆರಂಭದಲ್ಲಿ ತಯಾರಿ ಹೆಚ್ಚು ಎಂದು ಸಂಶೋಧಕರಾದ ಬ್ಯುಯೆಲ್ ಮತ್ತು ಫಾಹಿ 1969ರಲ್ಲೇ ತೋರಿಸಿದ್ದರು. ಹೈಬ್ರಿಡೋಮಾ ಬಂದ ಮೇಲಿನ ಪ್ರಯೋಗಗಳು ಒಂದೊಂದು ಒಂದೊಂದು ಹಂತದತ್ತ ಬೆರಳು ಮಾಡುತ್ತವೆ. ಕೋಶದೊಳಗೆ ಇರುವ ಪ್ರತಿಕಾಯ, ಆಗತಾನೆ ತಯಾರಾಗುತ್ತಿರುವುದು, ಹೊರಗೆ ಬೀಳುತ್ತಿರುವುದು ಈ ಮೂರೂ ಬೇರೆ ಬೇರೆ ಲೆಕ್ಕ. ಇವನ್ನು ಒಂದೇ ಎಂದು ಎಣಿಸಿದಲ್ಲೇ ಗೊಂದಲ ಶುರುವಾಗುತ್ತದೆ.

ಮೊದಲ ಕೆಲಸ ಕೋಶಗಳನ್ನು ಒಂದೇ ಹೆಜ್ಜೆಗೆ ತರುವುದು. ಬೆಳೆಸುವ ದ್ರವದಲ್ಲಿನ ದನದ ಸೀರಮ್ ಕಡಿಮೆ ಮಾಡಿ ಹಸಿವಿನಲ್ಲಿಡುವ ವಿಧಾನ ಹೈಬ್ರಿಡೋಮಾಕ್ಕೆ ಒಗ್ಗುವುದಿಲ್ಲ, ನಿಲ್ಲುವ ಬದಲು ಸಾಯುತ್ತವೆ. ನಾನು ಮಾಡುವುದು ಎರಡು ಬಾರಿಯ ಥೈಮಿಡಿನ್ ತಡೆ: ಡಿಎನ್ಎಯ ಒಂದು ಘಟಕವಾದ ಥೈಮಿಡಿನ್ ಅತಿಯಾಗಿ ಕೊಟ್ಟು ಕೋಶಗಳನ್ನು ಎಸ್ ಹಂತದ ಆರಂಭದಲ್ಲಿ ನಿಲ್ಲಿಸುವುದು. ಮಿಲಿಲೀಟರಿಗೆ 24.2 ಮಿಲಿಗ್ರಾಂ ಕರಗಿಸಿದರೆ 100 ಮಿಲಿಮೋಲಾರ್ ದಾಸ್ತಾನು ಆಗುತ್ತದೆ. ಬೆಚ್ಚಗೆ ಮಾಡಿ ಪೂರ್ತಿ ಕರಗಿದ ಮೇಲೆ 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ಮಿಲಿಲೀಟರ್ ಮೀಡಿಯಾಕ್ಕೆ (ಕೋಶ ಬೆಳೆಸುವ ದ್ರವ) 20 ಮೈಕ್ರೋಲೀಟರ್ ಹಾಕಿದರೆ 2 ಮಿಲಿಮೋಲಾರ್. ಥೈಮಿಡಿನ್ ಹೆಚ್ಚಾದಾಗ ಕೋಶಕ್ಕೆ ಡಿಎನ್ಎಯ ಇನ್ನೊಂದು ಘಟಕವಾದ ಡಿಆಕ್ಸಿಸೈಟಿಡಿನ್ ಟ್ರೈಫಾಸ್ಫೇಟಿನ ಕೊರತೆ ಬಿದ್ದು ಡಿಎನ್ಎ ನಕಲು ನಿಲ್ಲುತ್ತದೆ. ಬಿಡಿಸುವಾಗ ತೊಳೆದರಷ್ಟೇ ಸಾಲದು, 24 ಮೈಕ್ರೋಮೋಲಾರ್ ಡಿಆಕ್ಸಿಸೈಟಿಡಿನ್ ಕೊಟ್ಟರೆ ಎಲ್ಲವೂ ಒಟ್ಟಿಗೆ ಹೊರಡುತ್ತವೆ.

ಎಷ್ಟು ಗಂಟೆ ಎನ್ನುವುದನ್ನು ಬೇರೆಯವರ ವಿಧಾನದಿಂದ ನಕಲು ಮಾಡಬೇಡಿ, ನಿಮ್ಮ ಕೋಶದ ಲೆಕ್ಕ ಹಾಕಿ. ತಡೆಯ ಅವಧಿ ಜಿ2, ವಿಭಜನೆ ಮತ್ತು ಜಿ1 ಸೇರಿದ್ದಕ್ಕಿಂತ ಹೆಚ್ಚಿರಬೇಕು. ನಡುವಿನ ಬಿಡುವು ಎಸ್‌ಗಿಂತ ಉದ್ದ, ಆ ಮೂರರ ಮೊತ್ತಕ್ಕಿಂತ ಚಿಕ್ಕದು ಇರಬೇಕು. ನನ್ನ ಕೋಶಕ್ಕೆ ಇದು 12 ಗಂಟೆ ತಡೆ, 9 ಗಂಟೆ ಬಿಡುವು, ಮತ್ತೆ 12 ಗಂಟೆ ತಡೆ. ರಾತ್ರಿ 9ಕ್ಕೆ ಶುರು ಮಾಡಿದರೆ ಬೆಳಿಗ್ಗೆ 9ಕ್ಕೆ ಬಿಡುಗಡೆ, ಸಂಜೆ 6ಕ್ಕೆ ಎರಡನೇ ತಡೆ, ಮರುದಿನ ಬೆಳಿಗ್ಗೆ 6ಕ್ಕೆ ಕೊನೆಯ ಬಿಡುಗಡೆ. ಅಲ್ಲಿಂದ ಎರಡು ಗಂಟೆಗೊಮ್ಮೆ ಮಧ್ಯರಾತ್ರಿಯವರೆಗೆ ಮಾದರಿ. ತಡೆಯನ್ನು 16, 18 ಗಂಟೆಗೆ ಎಳೆದರೆ ಸಾಯುವ ಕೋಶಗಳು ಹೆಚ್ಚುತ್ತವೆ. ಸತ್ತ ಕೋಶ ತನ್ನೊಳಗಿನ ಪ್ರತಿಕಾಯವನ್ನು ಹೊರಗೆ ಚೆಲ್ಲುತ್ತದೆ, ಅದು ಸ್ರವಿಸಿದ್ದರ ಲೆಕ್ಕಕ್ಕೆ ಸೇರಿಬಿಡುತ್ತದೆ. ಸತ್ತ ಕೋಶಕ್ಕಷ್ಟೇ ಹತ್ತುವ ಟ್ರಿಪಾನ್ ಬ್ಲೂ ಬಣ್ಣದಲ್ಲಿ ನೋಡಿದಾಗ ಬದುಕಿದವು ಶೇ 90ಕ್ಕಿಂತ ಕಡಿಮೆಯಾದರೆ ಆ ಫ್ಲಾಸ್ಕನ್ನು ನಾನು ಬಿಟ್ಟುಬಿಡುತ್ತೇನೆ.

ಹಾಸನದ ಎತ್ತರದ ಬಗ್ಗೆ ಒಂದು ಮಾತು. ಇಲ್ಲಿ ಗಾಳಿಯ ಒತ್ತಡ ಸುಮಾರು 900 ಹೆಕ್ಟೊಪಾಸ್ಕಲ್, ಸಮುದ್ರಮಟ್ಟಕ್ಕಿಂತ ಶೇ 10ರಷ್ಟು ಕಡಿಮೆ. ಇನ್‌ಕ್ಯುಬೇಟರ್ ಶೇ 5 ಇಂಗಾಲದ ಡೈಆಕ್ಸೈಡ್ ಎಂದು ತೋರಿಸಿದರೂ ಮೀಡಿಯಾಕ್ಕೆ ಸಿಗುವ ಅನಿಲದ ಒತ್ತಡ ಅಷ್ಟೇ ಕಮ್ಮಿ, ಪಿಎಚ್ ಸುಮಾರು 0.05 ಏರುತ್ತದೆ. ದೊಡ್ಡದಲ್ಲ, ಆದರೆ ಅನಿಲವನ್ನು ಶೇ 5.5ಕ್ಕೆ ಇಟ್ಟರೆ ಸರಿಹೋಗುತ್ತದೆ. ಕರೆಂಟ್ ಹೋಗುವುದು ಇದಕ್ಕಿಂತ ದೊಡ್ಡ ವಿಷಯ: ಉಷ್ಣತೆ ಇಳಿದರೆ ಚಕ್ರ ನಿಧಾನವಾಗಿ ಮೇಲಿನ ಗಂಟೆಗಳ ಲೆಕ್ಕವೆಲ್ಲ ತಪ್ಪುತ್ತದೆ. ಬ್ಯಾಟರಿ ಬೆಂಬಲ ಇಲ್ಲದೆ ಈ ಪ್ರಯೋಗಕ್ಕೆ ಕೈ ಹಾಕಬಾರದು. ಮಳೆಗಾಲದಲ್ಲಿ ಬೂಷ್ಟು ಬರುವುದು ಹೆಚ್ಚು, ನೀರಿನ ತಟ್ಟೆಯನ್ನು ವಾರವಾರ ಬದಲಿಸಿ.

ಸ್ರವಿಕೆ ಅಳೆಯುವಾಗ ಎಡವುವುದು ತೊಳೆಯುವಲ್ಲಿ. ಒಂದು ಕೋಶ ಗಂಟೆಗೆ 1 ಪಿಕೊಗ್ರಾಂ ಬಿಡುತ್ತದೆ ಎನ್ನೋಣ. ಮಿಲಿಲೀಟರಿಗೆ 5 ಲಕ್ಷ ಕೋಶವಿದ್ದರೆ ಗಂಟೆಗೆ 500 ನ್ಯಾನೊಗ್ರಾಂ. ಹಳೆಯ ಮೀಡಿಯಾದಲ್ಲಿ ಆಗಲೇ ಮಿಲಿಲೀಟರಿಗೆ 20 ಮೈಕ್ರೋಗ್ರಾಂ ಪ್ರತಿಕಾಯ ಸೇರಿರುತ್ತದೆ. ಅದರಲ್ಲಿ ಶೇ 1 ಉಳಿದರೂ 200 ನ್ಯಾನೊಗ್ರಾಂ, ಅಂದರೆ ಒಂದು ಗಂಟೆಯ ಬೆಳೆಯ ಶೇ 40 ಸುಳ್ಳು. ಟ್ಯೂಬಿನ ತಳದಲ್ಲಿ 0.2 ಮಿಲಿಲೀಟರ್ ಬಿಟ್ಟು, ಪ್ರತಿ ಸಲ 10 ಮಿಲಿಲೀಟರ್ ಬೆಚ್ಚಗಿನ ಮೀಡಿಯಾದಲ್ಲಿ ಎರಡು ಸಲ ತೊಳೆದರೆ 2,500ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ, ಅಂದರೆ 8 ನ್ಯಾನೊಗ್ರಾಂ. ತಣ್ಣಗಿನದು ಬೇಡ, ಸ್ರವಿಕೆ ಸ್ತಬ್ಧವಾಗಿ ಮತ್ತೆ ಶುರುವಾಗಲು ಹೊತ್ತು ಹಿಡಿಯುತ್ತದೆ. ತೊಳೆದ ಕೂಡಲೇ ಒಂದು ಶೂನ್ಯ ಗಂಟೆಯ ಮಾದರಿ, ಎರಡು ಗಂಟೆಗೆ ಇನ್ನೊಂದು, ಎರಡರ ವ್ಯತ್ಯಾಸವನ್ನಷ್ಟೇ ಎಣಿಸಿ. ಎರಡು ಗಂಟೆಯಲ್ಲಿ 900 ನ್ಯಾನೊಗ್ರಾಂ ಏರಿದರೆ ಕೋಶಕ್ಕೆ ಗಂಟೆಗೆ 0.9 ಪಿಕೊಗ್ರಾಂ. ಪ್ರಮಾಣ ಅಳೆಯುವ ಎಲಿಸಾ ಪರೀಕ್ಷೆಯಲ್ಲಿ ಇಲಿಯ ಐಜಿಜಿ (ನನ್ನ ಕೋಶ ತಯಾರಿಸುವ ಪ್ರತಿಕಾಯದ ಬಗೆ) ಹಿಡಿಯುವ ಪ್ರತಿಕಾಯ ದನದ ಐಜಿಜಿಗೆ ಅಂಟದಂತೆ ಶುದ್ಧೀಕರಿಸಿದ್ದೇ ಆಗಿರಬೇಕು, ಇಲ್ಲದಿದ್ದರೆ ಸೀರಮ್ಮೇ ಓದಿಗೆ ಬರುತ್ತದೆ.

ಇಲ್ಲಿಗೆ ಒಂದು ಚೆಂದದ ಏರಿಳಿತದ ಗೆರೆ ಸಿಗುತ್ತದೆ. ಅದನ್ನು ತಕ್ಷಣ ನಂಬಬಾರದು. ಥೈಮಿಡಿನ್ ನಿಲ್ಲಿಸುವುದು ಡಿಎನ್ಎಯನ್ನು ಮಾತ್ರ, ಆರ್‌ಎನ್‌ಎ ಮತ್ತು ಪ್ರೋಟೀನು ತಯಾರಿ ನಡೆಯುತ್ತಲೇ ಇರುತ್ತದೆ. ಕೋಶ ಊದುತ್ತದೆ. ವ್ಯಾಸ 12.5 ಮೈಕ್ರಾನಿನಿಂದ 15ಕ್ಕೆ ಹೋದರೆ ಘನಗಾತ್ರ 1.7 ಪಟ್ಟು. ಆ ಕೋಶ 1.7 ಪಟ್ಟು ಪ್ರತಿಕಾಯ ಕೊಟ್ಟರೆ ಅದು ಎಸ್ ಹಂತದ ವಿಶೇಷವಲ್ಲ, ದೊಡ್ಡ ಕೋಶದ ಸಹಜ ಇಳುವರಿ. ಆದ್ದರಿಂದ ಪ್ರತಿ ಮಾದರಿಯಲ್ಲೂ ಐಪೀಸ್ ಅಳತೆಪಟ್ಟಿಯಿಂದ ನೂರು ಕೋಶಗಳ ವ್ಯಾಸ ಅಳೆದು, ಇಳುವರಿಯನ್ನು ಕೋಶಕ್ಕೂ ಘನಗಾತ್ರಕ್ಕೂ ಬೇರೆ ಬೇರೆ ಭಾಗಿಸಬೇಕು. ಘನಗಾತ್ರಕ್ಕೆ ಭಾಗಿಸಿದ ಮೇಲೂ ಶಿಖರ ಉಳಿದರೆ ಮಾತ್ರ ಹಂತದ ಮಾತು ಆಡಬಹುದು. ಇದರ ಜೊತೆಗೊಂದು ಫ್ಲಾಸ್ಕಿಗೆ ಮೊದಲಿನಿಂದಲೇ ಥೈಮಿಡಿನ್ ಮತ್ತು ಡಿಆಕ್ಸಿಸೈಟಿಡಿನ್ ಎರಡನ್ನೂ ಹಾಕಿಡಿ. ಅಲ್ಲಿ ತಡೆ ಬೀಳಬಾರದು, ಇಳುವರಿ ಬದಲಾಗಬಾರದು. ಬದಲಾದರೆ ಅದು ಔಷಧದ ಪರಿಣಾಮ.

ಇನ್ನೊಂದು ಎಚ್ಚರಿಕೆ ಕಾಲದ್ದು. ಐಜಿಜಿ ತಯಾರಾಗಿ ಗಾಲ್ಜಿ (ಪ್ರೋಟೀನನ್ನು ಹೊರಗೆ ಸಾಗಿಸುವ ಕೋಶದ ಭಾಗ) ದಾಟಿ ಹೊರಬರಲು ಒಂದು ಗಂಟೆಗೂ ಹೆಚ್ಚು ಬೇಕು. ಜಿ2ನಲ್ಲಿ ಹೊರಬಿದ್ದದ್ದರಲ್ಲಿ ಎಸ್‌ನ ಕೊನೆಯಲ್ಲಿ ತಯಾರಾದದ್ದೂ ಇರುತ್ತದೆ. ವಿಭಜನೆಯಲ್ಲಿ ಗಾಲ್ಜಿ ಚೂರಾಗಿ ಸಾಗಣೆ ನಿಲ್ಲುತ್ತದೆ, ಆದರೆ ಆ ಹಂತ ಚಿಕ್ಕದು, ಎರಡು ಗಂಟೆಯ ಕಿಂಡಿಯಲ್ಲಿ ಆ ಇಳಿತ ಕಾಣುವುದಿಲ್ಲ. ಅದನ್ನು ಹಿಡಿಯಲೆಂದು, ಕೋಶವನ್ನು ವಿಭಜನೆಯಲ್ಲಿ ನಿಲ್ಲಿಸುವ ನೊಕೊಡಜೋಲ್ ಹಾಕುವವರಿದ್ದಾರೆ. ಅದು ಕೋಶದೊಳಗಿನ ಸಾಗಣೆಯ ಹಳಿಗಳಾದ ಮೈಕ್ರೋಟ್ಯೂಬ್ಯುಲುಗಳನ್ನೇ ಕರಗಿಸಿ ಸ್ರವಿಕೆಯ ದಾರಿಯನ್ನು ಕೆಡಿಸುತ್ತದೆ, ಈ ಪ್ರಶ್ನೆಗೆ ಅದು ಸಲ್ಲದು.

ಇಷ್ಟೆಲ್ಲ ಮಾಡಿದ ಮೇಲೂ ತಡೆ ಹಾಕದ, ತನ್ನ ಪಾಡಿಗೆ ಬೆಳೆದ ಫ್ಲಾಸ್ಕಿನ ಸಾಕ್ಷಿಯನ್ನೇ ನಾನು ಹೆಚ್ಚು ನಂಬುವುದು. ಕೋಶಗಳನ್ನು ಅರ್ಧ ಮಿಲಿಲೀಟರ್ ಉಪ್ಪುದ್ರಾವಣ ಪಿಬಿಎಸ್‌ನಲ್ಲಿ ಚೆನ್ನಾಗಿ ಬಿಡಿಸಿ, ವೋರ್ಟೆಕ್ಸ್ ಯಂತ್ರದ ಮೇಲೆ ಅಲುಗಾಡಿಸುತ್ತ ತಣ್ಣನೆಯ ಶೇ 70 ಎಥನಾಲ್ 4.5 ಮಿಲಿಲೀಟರನ್ನು ಹನಿಹನಿಯಾಗಿ ಬಿಡಿ. ಸುರಿದರೆ ಗಂಟುಗಟ್ಟುತ್ತವೆ, ಅಂಟಿಕೊಂಡ ಎರಡು ಜಿ1 ಕೋಶ, ಡಿಎನ್ಎ ಎರಡರಷ್ಟಿರುವ ಒಂದು ಜಿ2 ಎಂದು ಓದಿಸಿಕೊಳ್ಳುತ್ತವೆ. ಒಂದೊಂದೇ ಕೋಶದ ಡಿಎನ್ಎ ಮತ್ತು ಪ್ರತಿಕಾಯವನ್ನು ಬಣ್ಣದ ಹೊಳಪಿನಿಂದ ಅಳೆಯುವ ಫ್ಲೋ ಸೈಟೋಮೀಟರಿಗೆ ನಾನು ಬೆಂಗಳೂರಿಗೆ ಹೋಗಬೇಕು. ಎಥನಾಲಿನಲ್ಲೇ ಐಸ್ ಡಬ್ಬಿಯಲ್ಲಿಟ್ಟು ಒಯ್ದು, ಬಣ್ಣ ಅಲ್ಲಿಯೇ ಹಾಕುತ್ತೇನೆ. ಎಥನಾಲಿನಲ್ಲಿ ಕೋಶಗಳು ಬೇಗ ತಳ ಸೇರುವುದಿಲ್ಲ, ಸೆಂಟ್ರಿಫ್ಯೂಜಿನಲ್ಲಿ ಗುರುತ್ವದ 200 ಪಟ್ಟಿನ ಬದಲು 400 ಪಟ್ಟು ಬಲ ಕೊಡಿ. ಐಜಿಜಿಗೆ ಫ್ಲುಯೊರೆಸೀನ್ ಎಂಬ ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯ, ಡಿಎನ್ಎಗೆ ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಪ್ರೊಪಿಡಿಯಮ್ ಅಯೋಡೈಡ್ ಬಣ್ಣ, ಜೊತೆಗೆ ಆರ್‌ಎನ್‌ಎ ಕಡಿಯುವ 100 ಮೈಕ್ರೋಗ್ರಾಂ ಆರ್‌ಎನ್‌ಏಸ್, 37 ಡಿಗ್ರಿಯಲ್ಲಿ ಅರ್ಧ ಗಂಟೆ. ಹರಿವು ನಿಧಾನ ಇರಲಿ, ಅಂಟಿಕೊಂಡ ಜೋಡಿಗಳನ್ನು ಲೆಕ್ಕದಿಂದ ತೆಗೆದ ಮೇಲೆ 20,000 ಕೋಶ ಉಳಿಯಲಿ.

ಹೋಲಿಕೆಗೆ ಪ್ರತಿಕಾಯ ತಯಾರಿಸದ ಎಸ್‌ಪಿ2/0 ಮೈಲೋಮಾವನ್ನು ಇದೇ ರೀತಿ ಬಣ್ಣ ಹಾಕಿ ಓಡಿಸಿ. ದೊಡ್ಡ ಕೋಶ ತಾನಾಗಿಯೇ ಹೆಚ್ಚು ಹೊಳೆಯುತ್ತದೆ, ಆದ್ದರಿಂದ ಮೈಲೋಮಾದ ಜಿ1ರ ಹೊಳಪನ್ನು ಹೈಬ್ರಿಡೋಮಾದ ಜಿ1ರಿಂದಲೂ, ಅದರ ಜಿ2ನದನ್ನು ಜಿ2ನಿಂದಲೂ ಕಳೆಯಬೇಕು. ಕಳೆದ ಮೇಲೆ ಜಿ2ನ ಹೊಳಪು ಜಿ1ರ ಎರಡರಷ್ಟರ ಸುತ್ತಮುತ್ತ ಬಂದರೆ, ಪ್ರತಿಕಾಯ ಕೋಶದ ಜೊತೆಜೊತೆಗೇ ಬೆಳೆದಿದೆ ಎಂದಷ್ಟೇ ಅರ್ಥ. ಜಿ1ರಲ್ಲಿ ಹೊಳಪಿಲ್ಲದ ಸಣ್ಣ ಗುಂಪೊಂದು ಬೇರೆಯೇ ಕಂಡರೆ ಅದು ಹಂತವೂ ಅಲ್ಲ, ಪ್ರತಿಕಾಯದ ಜೀನ್ ಕಳೆದುಕೊಂಡ ಕೋಶಗಳಿರಬಹುದು. ಆಗ ಲೆಕ್ಕ ನಿಲ್ಲಿಸಿ, ತಟ್ಟೆಯ ಗುಳಿಗೊಂದು ಕೋಶದಂತೆ ಹಂಚಿ ಮತ್ತೆ ಕ್ಲೋನ್ ಮಾಡಿ.