ಚಿಮಣಿ ಲೈನರ್‌ಗೆ ಹೊದಿಕೆ ಬೇಕೇ? ನಾನು ತೀರ್ಮಾನಿಸಿದ ಬಗೆ

ಹಳೆಯ ಅಗ್ಗಿಷ್ಟಿಕೆಯೊಳಗೆ ಕಟ್ಟಿಗೆ ಒಲೆಯ ಇನ್ಸರ್ಟ್ (ಅಗ್ಗಿಷ್ಟಿಕೆಯ ಗೂಡಿಗೆ ಹೊಂದುವ ಮುಚ್ಚಿದ ಒಲೆ) ಕೂರಿಸುವಾಗ 6 ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಲೈನರ್, ಎಂದರೆ ಹೊಗೆ ಸಾಗಿಸುವ ಒಳಕೊಳವೆ, ಚಿಮಣಿಯೊಳಗೆ ಇಳಿಸುವುದು ಖಚಿತವಾಗಿತ್ತು. ಅದಕ್ಕೆ ಶಾಖನಿರೋಧಕ ಹೊದಿಕೆ ಸುತ್ತಬೇಕೇ ಎಂಬುದಷ್ಟೇ ಉಳಿದಿತ್ತು.

ಹೊದಿಕೆಯಿಂದ ಹೊಗೆ ಚೆನ್ನಾಗಿ ಮೇಲೇರುತ್ತದೆ ಎನ್ನುತ್ತಾರೆ. ನಿಜ. ಆದರೆ ನಾನು ಮೊದಲು ನೋಡಿದ್ದು ಹೊಗೆಯನ್ನಲ್ಲ, ಮರವನ್ನು. ಅಟ್ಟ ಹತ್ತಿ ಟಾರ್ಚ್ ಬಿಟ್ಟೆ. ಒಂದು ತೊಲೆ ಚಿಮಣಿಯ ಇಟ್ಟಿಗೆಗೆ ಒತ್ತಿಕೊಂಡೇ ನಿಂತಿತ್ತು. ನಡುವೆ ಬೆರಳೂ ತೂರುತ್ತಿರಲಿಲ್ಲ. ಅಮೆರಿಕದ ಎನ್‌ಎಫ್‌ಪಿಎ 211 ಎಂಬ ಚಿಮಣಿ ಸುರಕ್ಷತಾ ಮಾನದಂಡದ ಪ್ರಕಾರ, ಮನೆಯೊಳಗೆ ಹಾದುಹೋಗುವ ಇಟ್ಟಿಗೆ ಚಿಮಣಿಗೂ ಮರಕ್ಕೂ 2 ಇಂಚು, ಹೊರಗೋಡೆಯ ಚಿಮಣಿಯಾದರೆ 1 ಇಂಚು ಅಂತರವಿರಬೇಕು. ವರ್ಷಗಟ್ಟಲೆ ಕಾವು ತಿಂದ ಮರ ಕಡಿಮೆ ಶಾಖಕ್ಕೂ ಹೊತ್ತಿಕೊಳ್ಳಬಲ್ಲದು. ಚಿಮಣಿಯೊಳಗೇ ಬೆಂಕಿ ಎದ್ದರೆ ಶಾಖ 1000 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಆ ತೊಲೆಯನ್ನು ಕಂಡ ಮೇಲೆ ನನಗೆ ಬೇರೆ ಲೆಕ್ಕಾಚಾರ ಬೇಕಾಗಲಿಲ್ಲ. ಅಂತರವಿಲ್ಲದ ಕಡೆಗೂ ಸಲ್ಲುವಂತೆ ಯುಎಲ್ 1777 ಎಂಬ ಲೈನರ್ ಸುರಕ್ಷತಾ ಪರೀಕ್ಷೆಯಲ್ಲಿ ಹೊದಿಕೆಯ ಸಮೇತ ತೇರ್ಗಡೆಯಾದ ಲೈನರನ್ನೇ ಆರಿಸಿದೆ.

ಹೊಗೆಯ ಮಾತೂ ಹೊದಿಕೆಯ ಪರವಾಗಿಯೇ ಇತ್ತು. ಹೊಗೆ ಸುಮಾರು 120 ಡಿಗ್ರಿಗಿಂತ ಕೆಳಗೆ ತಣಿದರೆ ಅದರಲ್ಲಿನ ಆವಿ ಲೈನರ್‌ನ ಒಳಮೈಗೆ ಕ್ರಿಯೋಸೋಟ್ ಎಂಬ, ಹೊತ್ತಿಕೊಳ್ಳಬಲ್ಲ ಡಾಂಬರಿನಂಥ ಮಡ್ಡಿಯಾಗಿ ಅಂಟುತ್ತದೆ. ಮೂರು ಕಡೆ ಚಳಿಗಾಳಿಗೆ ಒಡ್ಡಿಕೊಂಡ ಹೊರಗೋಡೆಯ ಚಿಮಣಿಯಲ್ಲಿ ಇದರ ಕಾಟ ಹೆಚ್ಚು. ಹಸಿ ಕಟ್ಟಿಗೆ ಸುಡುವವರನ್ನು ಮಾತ್ರ ಯಾವ ಹೊದಿಕೆಯೂ ಕಾಪಾಡದು, ತೇವಾಂಶ ಶೇ. 20ಕ್ಕಿಂತ ಕೆಳಗಿರಲೇಬೇಕು.

ಕಷ್ಟ ಬಂದದ್ದು ಜಾಗದ್ದು. ಸುತ್ತಲೂ ಅರ್ಧ ಇಂಚು ಹೊದಿಕೆ ಸೇರಿದರೆ ಲೈನರ್ 7 ಇಂಚಾಗುತ್ತದೆ. ಬಾಯಿಯ ಅಳತೆಯೊಂದನ್ನೇ ನಂಬದೆ, ಏಳೂವರೆ ಇಂಚಿನ ಹಲಗೆಯ ಬಿಲ್ಲೆಯನ್ನು ಹಗ್ಗಕ್ಕೆ ಕಟ್ಟಿ ಮೇಲಿನಿಂದ ಇಳಿಬಿಟ್ಟೆ. ಒಂದು ಕಡೆ ಸಿಕ್ಕಿಕೊಂಡಿತು: ಜೇಡಿಹೆಂಚಿನ ಕೊಳವೆಗಳ ಸಂದಿನಲ್ಲಿ ಗಾರೆ ಉಬ್ಬಿ ಗಟ್ಟಿಯಾಗಿತ್ತು. ಅದನ್ನು ಸಲಾಕೆಯಿಂದ ಕೆಡವಿದ ಮೇಲೆ ಬಿಲ್ಲೆ ಸರಾಗವಾಗಿ ತಳ ಮುಟ್ಟಿತು. ಅಲ್ಲಿಯೂ ಹಿಡಿಸದಿದ್ದರೆ ಒಳಗಿನ ಕೊಳವೆಗಳನ್ನು ಒಡೆದು ತೆಗೆಸುತ್ತಿದ್ದೆನೇ ಹೊರತು ಹೊದಿಕೆ ಬಿಡುತ್ತಿರಲಿಲ್ಲ.

ಸೆರಾಮಿಕ್ ನಾರಿನ ಹೊದಿಕೆಯನ್ನು ಫಾಯಿಲ್ ಹಾಳೆಯ ಮೈ ಹೊರಗಿರುವಂತೆ ಸುತ್ತಿ, ಅಂಚಿಗೆ ಫಾಯಿಲ್ ಟೇಪ್ ಅಂಟಿಸಿ, ಮೇಲೆ ಉಕ್ಕಿನ ಜಾಲರಿ ಹಾಕಿದೆ. ಜಾಲರಿಯಿಲ್ಲದಿದ್ದರೆ ಇಳಿಸುವಾಗ ಹರಿಯುತ್ತದೆ. ಆ ನಾರು ಶ್ವಾಸಕೋಶಕ್ಕೆ ಕೆಟ್ಟದ್ದು, ಮುಖಕ್ಕೆ ಸರಿಯಾದ ಮಾಸ್ಕ್ ಮತ್ತು ಕೈಗವಸು ಬೇಕೇಬೇಕು.

ಚಿಮಣಿ ಪೂರ್ತಿ ಮನೆಯೊಳಗಿದ್ದು, ಪ್ರತಿ ಅಂತಸ್ತಿನಲ್ಲೂ ಮರದ ಅಂತರ ಕಣ್ಣಿಗೆ ಕಂಡು, ಲೈನರ್ ತಯಾರಕರ ಕೈಪಿಡಿಯೂ ಒಪ್ಪಿದ್ದರೆ ನಾನು ಹೊದಿಕೆಯಿಲ್ಲದೆ ಇಳಿಸುತ್ತಿದ್ದೆನೇನೋ. ಗೋಡೆಯ ಹಿಂದೆ ಅವಿತು ಕಾಣದ ಅಂತರವನ್ನು ಮಾತ್ರ ಇಲ್ಲವೆಂದೇ ಎಣಿಸುತ್ತೇನೆ.