ಸಂಶೋಧನಾ ಆವರಣದಲ್ಲಿ ಕಾಡುಪಾಪವನ್ನು ಹುಡುಕಿ ದಾಖಲಿಸುವ ಕ್ರಮ

ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಮೈಸೂರು ಸಂಸ್ಥಾನವು 1907ರಲ್ಲಿ 371 ಎಕರೆ ಜಮೀನು ನೀಡಿದಾಗ ಅದು ಬಹುಮಟ್ಟಿಗೆ ಬಯಲು ಮತ್ತು ಕುರುಚಲು ನೆಲವಾಗಿತ್ತು. ಇಂದು ಅಲ್ಲಿ ಕಾಣುವ ನೆರಳು ಹೆಚ್ಚಾಗಿ ನೆಟ್ಟು ಬೆಳೆಸಿದ್ದು. ಆ ನೆಟ್ಟ ಮರಗಳಲ್ಲೇ ಇರುಳಿನಲ್ಲಿ ಓಡಾಡುವ ಪುಟ್ಟ ಪ್ರಾಣಿಯಾದ ಕಾಡುಪಾಪ (ಸ್ಲೆಂಡರ್ ಲೋರಿಸ್) ವಾಸವಾಗಿದ್ದು, ಅದರ ಕೆಳಗೆ ವರ್ಷಗಟ್ಟಲೆ ಓಡಾಡಿಯೂ ಅದನ್ನು ಒಮ್ಮೆಯೂ ಕಾಣದವರು ಆವರಣದಲ್ಲಿ ಬಹಳ ಮಂದಿ ಇದ್ದಾರೆ. ಇಲ್ಲಿ ಹೇಳಿರುವ ಕ್ರಮ ಹೆಬ್ಬಾಳದಾಚೆಯ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕೂ ಹೊಂದುತ್ತದೆ.

ಮೊದಲು ಅನುಮತಿ ಪಡೆಯಿರಿ. ರಾತ್ರಿ ಹೊತ್ತು ದೀಪ ಹಿಡಿದು ಮರದತ್ತ ನೋಡುತ್ತ ನಿಲ್ಲುವವರನ್ನು ಕಾವಲುಗಾರರು ಪ್ರಶ್ನಿಸುವುದು ಸಹಜವೇ ಆಗಿದ್ದು, ಸಂಬಂಧಪಟ್ಟ ಕಚೇರಿಗೆ ಮುಂಚಿತವಾಗಿ ಹೇಳಿಟ್ಟರೆ ಅದೇ ಕಾವಲುಗಾರರು ನಿಮ್ಮ ಅತ್ಯುತ್ತಮ ಸುದ್ದಿಮೂಲವಾಗುತ್ತಾರೆ. ಇಬ್ಬರು ಅಥವಾ ಮೂವರಿಗಿಂತ ಹೆಚ್ಚು ಜನ ಹೋಗಬಾರದು. ಕಾಲಿಗೆ ಮುಚ್ಚಿದ ಬೂಟು ಇರಲಿ, ಏಕೆಂದರೆ ಕಣ್ಣು ಮೇಲಿದ್ದಾಗ ಕಾಲ ಕೆಳಗಿನ ಹಾವು ಕಾಣುವುದಿಲ್ಲ.

ತಲೆಗೆ ಕಟ್ಟುವ ಟಾರ್ಚಿನ ಗಾಜಿಗೆ ಕೆಂಪು ಜಿಲೇಟಿನ್ ಕಾಗದವನ್ನು ಎರಡು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೆ ಸಲಕರಣೆ ಸಿದ್ಧವಾದಂತೆ. ಬಿಳಿ ಬೆಳಕು ಇರುಳುಪ್ರಾಣಿಯ ಕಣ್ಣಿಗೆ ತೊಂದರೆ ಕೊಡುತ್ತದೆ. ಕ್ಯಾಮೆರಾದ ಫ್ಲ್ಯಾಶ್ ಅಂತೂ ಬೇಡವೇ ಬೇಡ. ಸೂರ್ಯ ಮುಳುಗಿ ಪೂರ್ತಿ ಕತ್ತಲಾದ ಬಳಿಕ ಹೊರಟು, ಅರ್ಧ ಕಿಲೋಮೀಟರ್ ದಾರಿಗೆ ಒಂದು ಗಂಟೆಯಾದರೂ ತೆಗೆದುಕೊಳ್ಳಿ. ಹತ್ತು ಹೆಜ್ಜೆಗೊಮ್ಮೆ ನಿಂತು, ಬಿದಿರು ಮೆಳೆ, ಬಳ್ಳಿ ಹಬ್ಬಿದ ಮರ, ಕೊಂಬೆಗೆ ಕೊಂಬೆ ತಾಗುವ ಸಾಲು, ಇವುಗಳ ಮೇಲೆ ಬೆಳಕನ್ನು ನಿಧಾನವಾಗಿ ಹಾಯಿಸಬೇಕು.

ಹುಡುಕಬೇಕಾದದ್ದು ಪ್ರಾಣಿಯನ್ನಲ್ಲ, ಕಣ್ಣಿನ ಹೊಳಪನ್ನು. ಕಾಡುಪಾಪದ ಎರಡು ಕಣ್ಣುಗಳೂ ಮುಖದ ಮುಂಭಾಗದಲ್ಲಿ ಒತ್ತಾಗಿ ಇರುವುದರಿಂದ, ಕಿತ್ತಳೆ ಛಾಯೆಯ ಎರಡು ಕೆಂಡಗಳು ಒಟ್ಟಿಗೇ ಹೊತ್ತಿಕೊಂಡಂತೆ ಕಾಣುತ್ತವೆ; ಅದು ತಲೆ ತಿರುಗಿಸಿತೆಂದರೆ ಎರಡೂ ಒಟ್ಟಿಗೇ ಆರುತ್ತವೆ. ಪುನುಗು ಬೆಕ್ಕಿನ ಕಣ್ಣೂ ಹೊಳೆಯುತ್ತದೆ, ಮನೆ ಬೆಕ್ಕಿನದೂ ಹೊಳೆಯುತ್ತದೆ, ತೊಗಟೆಯ ಮೇಲಿನ ಜೇಡದ ಕಣ್ಣು ಕೂಡ ಸೂಜಿಮೊನೆಯಷ್ಟು ಮಿನುಗುತ್ತದೆ. ಹೀಗಾಗಿ ಹೊಳಪನ್ನು ಕಂಡೊಡನೆ ಬರೆದುಕೊಳ್ಳದೆ, ಚಲನೆಯನ್ನು ಕಾಯಿರಿ. ಕಾಡುಪಾಪ ಜಿಗಿಯುವುದಿಲ್ಲ. ಅದು ಒಂದು ಕೈಯನ್ನು ಮುಂದಿಟ್ಟು, ಕೊಂಬೆಯನ್ನು ಇಕ್ಕಳದಂತೆ ಹಿಡಿದು, ಹಿಡಿತ ಗಟ್ಟಿಯಾದ ಮೇಲಷ್ಟೇ ಹಿಂದಿನ ಕಾಲನ್ನು ಬಿಡುತ್ತದೆ. ತೋರುಬೆರಳು ಮೋಟಾಗಿರುವುದರಿಂದಲೇ ಆ ಇಕ್ಕಳದ ಹಿಡಿತ ಅದಕ್ಕೆ ಸಾಧ್ಯವಾಗಿದೆ. ಕಾಲು ಕಿಲೋದ ಆಸುಪಾಸಿನ ತೂಕ, ಕಡ್ಡಿಯಂಥ ಕೈಕಾಲು, ಬಾಲವಿಲ್ಲದ ಹಿಂಭಾಗ, ಇಷ್ಟು ಕಂಡರೆ ಸಂದೇಹ ಬೇಡ. ನಾನು ಮೊದಲ ವರ್ಷ ಅವಸರದಲ್ಲಿ ಬರೆದ ಮೂರು ದಾಖಲೆಗಳು ಒಂದೇ ಮರದವಾಗಿದ್ದು, ನಾಲ್ಕನೆಯ ರಾತ್ರಿ ಆ ಕಣ್ಣುಗಳು ಮಿಯಾಂವ್ ಎಂದು ಗೋಡೆಗೆ ಹಾರಿದವು.

ಇನ್ನು ಬರವಣಿಗೆ; ಹೆಚ್ಚಿನವರು ಸೋಲುವುದು ಇಲ್ಲಿ. ದಿನಾಂಕ, ಗಂಟೆ, ಎಷ್ಟು ಪ್ರಾಣಿ ಎಂಬುದಕ್ಕೇ ಅವರ ದಾಖಲೆ ಮುಗಿದುಹೋಗುತ್ತದೆ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದುದು ಮರದ ಜಾತಿ, ಪ್ರಾಣಿ ಕುಳಿತಿದ್ದ ಎತ್ತರ ಮತ್ತು ಆ ಮರದಿಂದ ಪಕ್ಕದ ಮರಕ್ಕೆ ಕೊಂಬೆಯ ದಾರಿ ಇದೆಯೇ ಎಂಬ ಸಂಗತಿ. ಜಿಗಿಯಲಾರದ ಪ್ರಾಣಿಗೆ ಕೊಂಬೆಗಳ ನಡುವಿನ ಎರಡಡಿ ಬಯಲೂ ನದಿಯಿದ್ದಂತೆ. ದಾರಿ ತಪ್ಪಿದರೆ ಅದು ನಾಯಿಗಳಿರುವ ನೆಲಕ್ಕೆ ಇಳಿಯಬೇಕು, ಇಲ್ಲವೇ ವಿದ್ಯುತ್ ತಂತಿಯನ್ನು ಹಿಡಿಯಬೇಕು. ಆದುದರಿಂದ ಮರುದಿನ ಹಗಲಿನಲ್ಲಿ ಅದೇ ಜಾಗಕ್ಕೆ ಹೋಗಿ, ತಾಗುವ ಕೊಂಬೆಗಳನ್ನು ಒಂದು ಸರಳ ನಕ್ಷೆಯಲ್ಲಿ ಗುರುತಿಸಿಕೊಳ್ಳಿ. ಏನೂ ಕಾಣದ ರಾತ್ರಿಯನ್ನೂ, ನಡೆದ ದಾರಿ ಮತ್ತು ಸಮಯದ ಸಮೇತ, ತಪ್ಪದೆ ಬರೆದಿಡಿ.

ಹಗಲಿನ ಈ ಓಡಾಟದಲ್ಲಿ ಬೇರೆ ಕುರುಹುಗಳೂ ಸಿಗುತ್ತವೆ. ಕಾಂಪೌಂಡ್ ಗೋಡೆಯ ಮೇಲೆ ಹಣ್ಣಿನ ಬೀಜಗಳೇ ತುಂಬಿದ ಹಿಕ್ಕೆ ಕಂಡರೆ ಪುನುಗು ಬೆಕ್ಕು ಅಲ್ಲಿ ಹಾದುಹೋಗಿರಬಹುದೆಂದು ತಿಳಿಯಬೇಕು. ಮುಂಗುಸಿಗೆ ಹುಡುಕಾಟವೇ ಬೇಡ, ಅದು ತಾನಾಗಿ ರಸ್ತೆ ದಾಟುತ್ತದೆ.

ದಾಖಲೆಯನ್ನು ಹಂಚಿಕೊಳ್ಳುವಾಗ ನಿಖರ ಸ್ಥಳವನ್ನು ಬಹಿರಂಗಪಡಿಸಬಾರದು. ಕಾಡುಪಾಪವನ್ನು ಮಾಟಮಂತ್ರಕ್ಕೂ ನಾಟಿ ಮದ್ದಿಗೂ ಹಿಡಿಯುವ ಪಿಡುಗು ಇನ್ನೂ ಹೋಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಈ ಪ್ರಾಣಿಯನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಐನ್ಯಾಚುರಲಿಸ್ಟ್‌ನಂಥ ತಾಣದಲ್ಲಿ ಹಾಕುವಾಗ ಸ್ಥಳವನ್ನು ಮಸುಕಾಗಿಸುವ ಆಯ್ಕೆ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಳ್ಳಿ, ಮತ್ತು ಚಿತ್ರದ ಹಿನ್ನೆಲೆಯಲ್ಲಿ ಕಟ್ಟಡದ ಹೆಸರು ಕಾಣದಿರಲಿ. ನೆಲಕ್ಕೆ ಬಿದ್ದ ಅಥವಾ ಗಾಯಗೊಂಡ ಪ್ರಾಣಿಯನ್ನು ಬರಿಗೈಯಲ್ಲಿ ಮುಟ್ಟದೆ, ಅದರಿಂದ ನಾಯಿಗಳನ್ನು ದೂರವಿಟ್ಟು, ಭದ್ರತಾ ಸಿಬ್ಬಂದಿಯ ಮೂಲಕ ಅರಣ್ಯ ಇಲಾಖೆಗೆ ತಿಳಿಸಬೇಕು.

ಮಳೆಗಾಲಕ್ಕೆ ಮೊದಲು ಆವರಣಗಳಲ್ಲಿ ಕೊಂಬೆ ಸವರುವ ಕೆಲಸ ನಡೆಯುತ್ತದೆ. ನಿಮ್ಮ ನಕ್ಷೆಯ ಒಂದು ಪ್ರತಿಯನ್ನು ಏಪ್ರಿಲ್ ಮುಗಿಯುವುದರೊಳಗೆ ತೋಟಗಾರಿಕೆಯ ಮೇಲ್ವಿಚಾರಕರಿಗೆ ಖುದ್ದಾಗಿ ಕೊಟ್ಟು, ಉಳಿಸಬೇಕಾದ ಕೊಂಬೆಗಳನ್ನು ಅವರೊಡನೆ ನಡೆದು ತೋರಿಸಿ. ಕೊಡಲಿ ಹಿಡಿಯುವ ಕೆಲಸಗಾರರೂ ಜೊತೆಗಿದ್ದರೆ ಇನ್ನೂ ಒಳ್ಳೆಯದು; ಯಾವ ಕೊಂಬೆ ಎಂಬುದು ಅವರಿಗೆ ಗೊತ್ತಾಗಬೇಕು.