ಬೇಸಿಗೆ ಹೊಳೆ ನೀರಿನ ಲೆಕ್ಕ ಹಾಕಿದ್ದು, ನನ್ನ ಅನುಭವ

ಡ್ಯಾಂ, ನಾಲೆ, ಏತ ನೀರಾವರಿ ಎಲ್ಲಾ ಬಂದ್ಮೇಲೆ ಹೊಳೆಯಲ್ಲಿ ಎಷ್ಟು ನೀರು ಕಮ್ಮಿ ಆಯ್ತು ಅಂತ ಲೆಕ್ಕ ಹಾಕೋ ಕೆಲಸ ಮೊದಲ ಸಲ ಕೈಗೆ ಬಂದಾಗ ನಾನು ವರ್ಷದ ಒಟ್ಟು ಲೆಕ್ಕ ಹಾಕ್ಬಿಟ್ಟೆ. ಬಂದ ನಂಬರ್ ಅಷ್ಟೇನೂ ದೊಡ್ಡದಿರ್ಲಿಲ್ಲ, ಪರವಾಗಿಲ್ಲ ಅಂದ್ಕೊಂಡೆ. ಆಮೇಲೆ ಬೇಸಿಗೆಯಲ್ಲಿ ಹೊಳೆಗೆ ಇಳಿದು ನೋಡಿದ್ರೆ ಬಂಡೆಗಳ ಮಧ್ಯೆ ಗುಂಡಿಗಳಲ್ಲಿ ಮಾತ್ರ ನೀರು, ಒಂದು ಗುಂಡಿಯಿಂದ ಇನ್ನೊಂದಕ್ಕೆ ಹರಿವೇ ಇಲ್ಲ. ವರ್ಷದ ನೀರಲ್ಲಿ ಬಹುಪಾಲು ಮಳೆಗಾಲದ ಮೂರ್ನಾಲ್ಕು ತಿಂಗಳಲ್ಲೇ ಹರಿದು ಹೋಗೋ ಹೊಳೆಗೆ ವರ್ಷದ ಸರಾಸರಿ ತಗೊಂಡ್ರೆ ಬೇಸಿಗೆ ಅದರಲ್ಲಿ ಕಾಣೋದೇ ಇಲ್ಲ. ಹಾಗಾಗಿ ಇಡೀ ಲೆಕ್ಕವನ್ನ ಮೊದಲಿಂದ, ಕಾಲಕ್ಕೆ ತಕ್ಕ ಹಾಗೆ ಬಿಡಿಸಿ ಮಾಡ್ದೆ.

ಲೆಕ್ಕದ ಬುಡ ಸರಳ. ಯೋಜನೆಗಳೇ ಇಲ್ದಿದ್ರೆ ಎಷ್ಟು ಹರೀತಿತ್ತು ಅನ್ನೋದು ನೈಸರ್ಗಿಕ ಹರಿವು. ಕೆಳಗಿನ ಗೇಜ್ ಸ್ಟೇಷನ್‌ನಲ್ಲಿ ಅಳೆದ ಹರಿವಿಗೆ, ಮೇಲ್ಗಡೆ ನಾಲೆಗೂ ಪಂಪಿಗೂ ತೆಗೆದದ್ದನ್ನ ಕೂಡಿಸ್ಬೇಕು, ಜಲಾಶಯದಲ್ಲಿ ಆವಿಯಾದದ್ದು ಕೂಡಿಸ್ಬೇಕು, ಸಂಗ್ರಹ ಏರಿದ್ರೆ ಅದನ್ನೂ ಕೂಡಿಸ್ಬೇಕು, ಇಳಿದಿದ್ರೆ ಕಳೀಬೇಕು, ಗದ್ದೆಯಿಂದ ಬಸಿದು ವಾಪಸ್ ಹೊಳೆ ಸೇರಿದ್ದನ್ನ ಕಳೀಬೇಕು. ಬಂದ ಮೊತ್ತಕ್ಕೂ ಅಳೆದ ಹರಿವಿಗೂ ಇರೋ ವ್ಯತ್ಯಾಸವೇ ಕಡಿತ. ಹೇಳೋಕೆ ಇಷ್ಟೇ, ಆದ್ರೆ ಒಂದೊಂದು ಅಂಕಿಗೂ ಒಂದೊಂದು ಕಥೆ.

ಉತ್ಸಾಹದಲ್ಲಿ ದಿನದ ಲೆಕ್ಕ ಶುರು ಮಾಡಿದ್ದೆ, ನೈಸರ್ಗಿಕ ಹರಿವು ಕೆಲವು ದಿನ ಮೈನಸ್ ಬಂತು. ಎರಡು ದಿನ ಫಾರ್ಮುಲಾ ತಡಕಾಡಿದೆ, ತಪ್ಪು ಅಲ್ಲಿರ್ಲಿಲ್ಲ. ಹಿನ್ನೀರು 20 ಚದರ ಕಿಲೋಮೀಟರ್ ಹರಡಿದೆ ಅಂತ ಇಟ್ಕೊಳ್ಳಿ, ಅಳತೆ ಪಟ್ಟಿ ಓದುವಾಗ ಬರೀ 1 ಸೆಂಟಿಮೀಟರ್ ಹೆಚ್ಚುಕಮ್ಮಿ ಆದ್ರೆ 2 ಲಕ್ಷ ಘನ ಮೀಟರ್ ವ್ಯತ್ಯಾಸ, ಅಂದ್ರೆ ಆ ದಿನದ ಲೆಕ್ಕದಲ್ಲಿ ಸುಮಾರು 2.3 ಕ್ಯೂಮೆಕ್ಸ್ (ಸೆಕೆಂಡಿಗೆ ಇಷ್ಟು ಘನ ಮೀಟರ್). ಗಾಳಿ ಬೀಸಿ ಅಲೆ ಎದ್ರೇ ಇಷ್ಟು ಏರುಪೇರಾಗತ್ತೆ, ಬೇಸಿಗೆ ಹೊಳೆಯ ಹರಿವೇ ಕೆಲವು ಸಲ ಅಷ್ಟಿರಲ್ಲ! ಹತ್ತು ದಿನಕ್ಕೆ ಹಂಚಿದ್ರೆ ಅದೇ ತಪ್ಪು 0.23ಕ್ಕೆ ಇಳಿಯತ್ತೆ. ಅದಕ್ಕೇ ಹತ್ತತ್ತು ದಿನದ ಲೆಕ್ಕಕ್ಕೆ ಬಂದೆ, ತಿಂಗಳಿಗೆ ಮೂರು ಸಾಲು.

ಇನ್ನೊಂದು ತಪ್ಪು ನಾಲೆಯದ್ದು. ಡಿಸೈನ್ ಕೆಪ್ಯಾಸಿಟಿಯನ್ನೇ, ಅಂದ್ರೆ ನಾಲೆ ಕಟ್ಟುವಾಗ ಇಷ್ಟು ನೀರು ಹರಿಯತ್ತೆ ಅಂತ ಇಟ್ಕೊಂಡ ಅಂಕಿಯನ್ನೇ, ನೀರು ಬಿಟ್ಟ ದಿನಗಳಿಂದ ಗುಣಿಸಿದ್ದೆ. ಗೇಟ್ ತೆರೆದ ರಿಜಿಸ್ಟರ್ ತಂದು ಕೂತು ನೋಡಿದ್ರೆ ಹೂಳು ತುಂಬಿದ ನಾಲೆಯಲ್ಲಿ ಆ ಮಟ್ಟಕ್ಕೆ ನೀರು ಹರಿದೇ ಇರ್ಲಿಲ್ಲ.

ಆವಿಯನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ, ನನಗೆ ಇದೇ ಬೇಜಾರು. ಆವಿ ಅಳೆಯೋಕೆ ಇಡೋ ತೊಟ್ಟಿ, ಅಂದ್ರೆ ಪ್ಯಾನ್‌ನಲ್ಲಿ ನೀರು ದಿನಕ್ಕೆ 8 ಮಿಲಿಮೀಟರ್ ಇಳಿದ್ರೆ ಸಾಮಾನ್ಯವಾಗಿ ಅದನ್ನ 0.7ರಿಂದ ಗುಣಿಸ್ತೀವಿ, ಯಾಕಂದ್ರೆ ಸಣ್ಣ ತಗಡಿನ ತೊಟ್ಟಿ ದೊಡ್ಡ ಕೆರೆಗಿಂತ ಬೇಗ ಕಾಯತ್ತೆ. 5.6 ಮಿಲಿಮೀಟರ್ ಆಯ್ತು. ಅದೇ 20 ಚದರ ಕಿಲೋಮೀಟರ್ ಮೇಲೆ ದಿನಕ್ಕೆ 1.12 ಲಕ್ಷ ಘನ ಮೀಟರ್, ಅಂದ್ರೆ 1.3 ಕ್ಯೂಮೆಕ್ಸ್ ಸುಮ್ನೆ ಆಕಾಶಕ್ಕೆ ಹೋಗ್ತಿದೆ. ಮಳೆಗಾಲದಲ್ಲಿ ಇದು ಏನೂ ಅಲ್ಲ, ಬೇಸಿಗೆಯಲ್ಲಿ ಇದೇ ಒಂದು ಹೊಳೆ.

ದೊಡ್ಡ ಡ್ಯಾಂ ಎಲ್ರ ಕಣ್ಣಿಗೆ ಬೀಳತ್ತೆ, ಸಣ್ಣ ಪಂಪು ಬೀಳಲ್ಲ. ನಾನು ದಂಡೆ ಉದ್ದಕ್ಕೂ ನಡೆದು ಪಂಪ್‌ಸೆಟ್ ಎಣಿಸ್ದೆ, ಪೈಪ್ ನೀರಿಗೆ ಇಳಿದಿದ್ರೆ ಒಂದು ಗೆರೆ. 5 ಎಚ್‌ಪಿ ಪಂಪು, 10 ಮೀಟರ್ ಎತ್ತೋದು, ದಕ್ಷತೆ ಅರ್ಧ ಅಂತ ಹಿಡಿದ್ರೆ ಸೆಕೆಂಡಿಗೆ ಸುಮಾರು 19 ಲೀಟರ್. ಅಂಥ 100 ಪಂಪು ದಿನಕ್ಕೆ 6 ಗಂಟೆ ಓಡಿದ್ರೆ ದಿನದ ಸರಾಸರಿ ಅರ್ಧ ಕ್ಯೂಮೆಕ್ಸ್ ಹತ್ತಿರ. ಬೋರ್‌ವೆಲ್‌ದು ಇನ್ನೂ ಕಷ್ಟ, ಅದು ಹೊಳೆಗೆ ಬಸಿದು ಬರ್ಬೇಕಿದ್ದ ನೀರನ್ನ ದಾರಿಯಲ್ಲೇ ತಡೆಯತ್ತೆ, ಪರಿಣಾಮ ತಿಂಗಳುಗಳ ನಂತರ ಕಾಣತ್ತೆ.

ಗೇಜ್ ಅಂಕಿ ಮೇಲೂ ಕಣ್ಮುಚ್ಚಿ ನಂಬಿಕೆ ಬೇಡ. ನೀರಿನ ಮಟ್ಟದಿಂದ ಹರಿವು ಓದೋ ರೇಟಿಂಗ್ ಕರ್ವ್ ಕೆಳಮಟ್ಟದಲ್ಲಿ ಬೇಗ ಕೆಡತ್ತೆ, ಒಂದು ಪ್ರವಾಹ ಬಂದು ಮರಳು ಆಚೀಚೆ ಆದ್ರೆ ಸಾಕು. ನಾನು ನೀರಿನ ವೇಗ ಅಳೆಯೋ ಕರೆಂಟ್ ಮೀಟರ್ ಹಿಡ್ಕೊಂಡು ಮೊಣಕಾಲು ನೀರಲ್ಲಿ ಅಡ್ಡಲಾಗಿ ಹಗ್ಗ ಕಟ್ಟಿ ಒಂದೊಂದು ಕಡೆ ನಿಂತು ಅಳೆದೆ, ಮೇಲ್ಮೈಯಿಂದ ಆಳದ 0.6 ಭಾಗ ಕೆಳಗೆ ಮೀಟರ್ ಇಟ್ರೆ ಅಲ್ಲಿನ ಸರಾಸರಿ ವೇಗ ಸಿಗತ್ತೆ. ಹಳೇ ಕರ್ವ್ ತೋರಿಸ್ತಿದ್ದ ಹರಿವು ಅಲ್ಲಿರ್ಲೇ ಇಲ್ಲ.

ಮಳೆಯೇ ಕಮ್ಮಿಯಾಗಿದ್ರೆ? ಈ ಪ್ರಶ್ನೆ ಬಂದೇ ಬರತ್ತೆ, ಬರ್ಲೂಬೇಕು. ವರ್ಷವರ್ಷದ ಮಳೆಯನ್ನ ಕೂಡಿಸ್ತಾ ಒಂದು ಅಕ್ಷಕ್ಕೆ, ಬೇಸಿಗೆ ಹರಿವನ್ನ ಕೂಡಿಸ್ತಾ ಇನ್ನೊಂದಕ್ಕೆ ಹಾಕ್ದೆ. ಮಳೆಯೊಂದೇ ಕಾರಣ ಆಗಿದ್ರೆ ಗೆರೆ ಹೆಚ್ಚುಕಮ್ಮಿ ನೇರ ಹೋಗ್ಬೇಕಿತ್ತು. ನಾಲೆ ಶುರುವಾದ ಕಾಲಕ್ಕೆ ಸರಿಯಾಗಿ ಬಾಗಿತು.

ಕೊನೇವರೆಗೂ ಗಟ್ಟಿಯಾಗದೇ ಉಳಿದದ್ದು ಗದ್ದೆಯ ಬಸಿನೀರು. ತೆಗೆದದ್ದರಲ್ಲಿ ಎಷ್ಟು ಪಾಲು ವಾಪಸ್ ಬರತ್ತೆ, ಯಾವಾಗ ಬರತ್ತೆ ಅನ್ನೋದು ಮಣ್ಣಿನ ಮೇಲೆ, ಬೆಳೆ ಮೇಲೆ ಹೋಗತ್ತೆ. ಅದಕ್ಕೆ ಒಂದೇ ಅಂಕಿ ಬರೀದೇ ಕಮ್ಮಿ ಹಿಡಿದು ಒಂದ್ಸಲ, ಜಾಸ್ತಿ ಹಿಡಿದು ಒಂದ್ಸಲ ಇಡೀ ಲೆಕ್ಕ ಓಡಿಸಿ, ಹತ್ತು ದಿನದ ಪ್ರತಿ ಸಾಲಿನ ಎದುರಿಗೂ ಎರಡೂ ಕೊಟ್ಟೆ. ಪಕ್ಕದಲ್ಲೇ ಇನ್ನೊಂದು ಕಾಲಂ ಸೇರಿಸ್ದೆ, ಆ ಹತ್ತು ದಿನದಲ್ಲಿ ಹೊಳೆ ಹರಿಯದೇ ನಿಂತ ದಿನ ಎಷ್ಟು ಅಂತ.